ಮಗುವಿನ ಮುಖ, ದೊಡ್ಡವರ ಭಯ

ಭಯಾನಕ ಚಿತ್ರಗಳಲ್ಲಿ ನಿಮ್ಮನ್ನು ಹೆಚ್ಚು ಹೆದರಿಸಿದವರು ಯಾರು? ಕೋರೆಹಲ್ಲಿನ ರಾಕ್ಷಸನೇ, ಬಿಳಿಸೀರೆಯ ದೆವ್ವವೇ? ಅನೇಕರ ಉತ್ತರ ಬೇರೆಯೇ ಇರುತ್ತದೆ: ಬಾಗಿಲಲ್ಲಿ ಸುಮ್ಮನೆ ನಿಂತು ನೋಡುವ ಒಂದು ಮಗು. ಕಂಕುಳಲ್ಲಿ ಎತ್ತಿಕೊಳ್ಳಬಹುದಾದ ಜೀವಕ್ಕೆ ನಾವು ಏಕೆ ಅಂಜುತ್ತೇವೆ?

ಚಿತ್ರರಂಗದಲ್ಲಿ ಕೊಲೆಗಾರ ಮಗುವಿನ ಕಥೆ ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. ವಿಲಿಯಂ ಮಾರ್ಚ್ 1954ರಲ್ಲಿ ಬರೆದ ‘ದಿ ಬ್ಯಾಡ್ ಸೀಡ್’ ಕಾದಂಬರಿ 1956ರಲ್ಲಿ ಹಾಲಿವುಡ್ ಚಿತ್ರವಾಯಿತು. ಎರಡು ಜಡೆಯ, ವಿನಯದ ಮಾತಿನ ರೋಡಾ ಎಂಬ ಹುಡುಗಿ ಕೈಬರಹದ ಪದಕವೊಂದಕ್ಕಾಗಿ ಸಹಪಾಠಿಯನ್ನು ಕೊಲ್ಲುತ್ತಾಳೆ. ಕಾದಂಬರಿಯಲ್ಲಿ ಅವಳು ಬದುಕಿ ಉಳಿಯುತ್ತಾಳೆ. ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕೆಂಬ ಅಂದಿನ ಹಾಲಿವುಡ್ ನಿಯಮಾವಳಿಯಿಂದಾಗಿ ಚಿತ್ರದಲ್ಲಿ ಅವಳಿಗೆ ಸಿಡಿಲು ಬಡಿಯುತ್ತದೆ. ಅಷ್ಟಕ್ಕೂ ಸಮಾಧಾನವಾಗದೆ, ಕೊನೆಯಲ್ಲಿ ನಟನಟಿಯರನ್ನು ಪರಿಚಯಿಸುವಾಗ ತಾಯಿಯ ಪಾತ್ರಧಾರಿಣಿ ಹುಡುಗಿಯನ್ನು ಮಡಿಲಿಗೆ ಎಳೆದುಕೊಂಡು ನಾಲ್ಕು ಪೆಟ್ಟು ಕೊಡುತ್ತಾಳೆ. ಇದೆಲ್ಲ ಆಟವಷ್ಟೇ, ಹೆದರಬೇಡಿ ಎಂದು ದೊಡ್ಡವರಿಗೆ ಹೇಳಬೇಕಾಗಿ ಬಂತು!

1973ರ ‘ದಿ ಎಕ್ಸಾರ್ಸಿಸ್ಟ್’ ಇನ್ನೊಂದು ತಂತ್ರ ಕಂಡುಕೊಂಡಿತು. ಪರದೆಯ ಮೇಲೆ ಬಾಲನಟಿ ಲಿಂಡಾ ಬ್ಲೇರ್ ಮುಖ. ದೆವ್ವದ ಧ್ವನಿ ಮಾತ್ರ ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಎಂಬ ಹಿರಿಯ ನಟಿಯದು. ಸಂಕಲನ ಕೊಠಡಿಯಲ್ಲಿ ಕುಳಿತವರಿಗೆ ಇದರ ಗುಟ್ಟು ಗೊತ್ತು. ಮಗುವಿನ ಮುಖದಲ್ಲಿ ಏನನ್ನೂ ಸೇರಿಸಬೇಕಾಗಿಲ್ಲ. ನಾವು ನಿರೀಕ್ಷಿಸುವ ನಗು, ಅಳು, ಚಡಪಡಿಕೆಗಳನ್ನು ತೆಗೆದುಬಿಟ್ಟರೆ ಸಾಕು. ಮಗುವಿನ ಮನಸ್ಸು ನಮಗೆ ತಿಳಿದಿದೆ ಎಂಬ ಧೈರ್ಯ ಅಲ್ಲಿಗೆ ಮುಗಿಯುತ್ತದೆ.

ಜೊತೆಗೆ, ಅಂಥ ಮಗುವಿನ ಎದುರು ನಾವು ನಿರಾಯುಧರು. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ ಎಂದು 1860ರ ಭಾರತೀಯ ದಂಡ ಸಂಹಿತೆ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ರಾಕ್ಷಸನನ್ನು ಕೊಂದರೆ ಚಪ್ಪಾಳೆ ತಟ್ಟುತ್ತೇವೆ. ಮಗುವಿನ ಮೇಲೆ ಕೈ ಎತ್ತಿದರೆ ರಾಕ್ಷಸರಾಗುವವರು ನಾವೇ.

ನಮ್ಮ ನಾಡಿನ ಹಳೆಯ ಕಲ್ಪನೆ ಇದಕ್ಕೆ ತಿರುವುಮುರುವು. ಸುಶ್ರುತ ಸಂಹಿತೆ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ಅಲ್ಲಿ ಮಗು ಹಿಡಿಯುವುದಿಲ್ಲ, ಮಗುವನ್ನು ಹಿಡಿಯುತ್ತವೆ. ಬೆಂಗಳೂರಿನ ಕುಟುಂಬವೊಂದರ ಕಥೆಯುಳ್ಳ 1980ರ ಹಿಂದಿ ಚಿತ್ರ ‘ಗೆಹರಾಯಿ’ಯಲ್ಲೂ ಹಾಗೆಯೇ. ಅನಂತನಾಗ್ ಅಣ್ಣನಾಗಿ, ಪದ್ಮಿನಿ ಕೊಲ್ಹಾಪುರೆ ತಂಗಿಯಾಗಿ ನಟಿಸಿದ ಆ ಚಿತ್ರದಲ್ಲಿ ತಂದೆಯ ಹಳೆಯ ತಪ್ಪಿಗೆ ನರಳುವವಳು ಮಗಳು.

ಪರದೆಯ ಮಾತು ಇಷ್ಟಕ್ಕೇ ನಿಲ್ಲಿಸೋಣ. ನನ್ನ ಶಾಲೆಯ ರಜೆಗಳು ಕಳೆದದ್ದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ, ಆಯಿಯ ಮನೆಯಲ್ಲಿ. ಓಣಿಯಲ್ಲಿ ಒಬ್ಬ ಹುಡುಗನಿಗೆ ಆಗಾಗ ಮೈ ಸೆಟೆದು ಬಾಯಲ್ಲಿ ನೊರೆ ಬರುತ್ತಿತ್ತು. “ಅವನಿಗಿ ಗಾಳಿ ಬಡದದ, ಅವನ ಕೂಡ ಆಡಬ್ಯಾಡ್ರಿ” ಎಂದು ದೊಡ್ಡವರು ಹೇಳುತ್ತಿದ್ದರು. ರಾತ್ರಿ ಬಂದು ಕುತ್ತಿಗೆ ಹಿಚುಕುತ್ತಾನೆಂದು ನಾವು ಹುಡುಗರು ಕಥೆ ಕಟ್ಟಿದೆವು. ಅದು ಮೂರ್ಛೆರೋಗ, ಮೆದುಳಿನ ವಿದ್ಯುತ್ ಚಟುವಟಿಕೆ ಕ್ಷಣಕಾಲ ಹದ ತಪ್ಪುವುದು, ಅದಕ್ಕೆ ಔಷಧಿಯಿದೆ ಎಂದು ತಿಳಿದದ್ದು ಕಾಲೇಜಿನಲ್ಲಿ ವಿಜ್ಞಾನ ಓದುವಾಗ. ನಾವು ಅವನಿಗೆ ಹೆದರಿದ್ದಕ್ಕಿಂತ ಅವನು ನಮಗೆ ಹೆಚ್ಚು ಹೆದರಿದ್ದನೇನೋ.

ಇದು ಹಳೆಯ ಕಾಲದ ಮಾತೆನ್ನುವಿರಾ? 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಕಲಬುರಗಿ ನಗರದ ಅಂಚಿನ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು, ಗುಣವಾಗಲೆಂಬ ನಂಬಿಕೆಯಿಂದ. ಹೆತ್ತವರು ಕ್ರೂರಿಗಳಲ್ಲ, ದಿಕ್ಕು ಕಾಣದವರು. ಆದರೂ ಮಣ್ಣಿನ ಮೇಲೆ ಕಾಣುವ ಆ ಪುಟ್ಟ ಮುಖವನ್ನು ಕಣ್ಣೆದುರಿಗೆ ತಂದುಕೊಳ್ಳಿ. ಯಾವ ಭಯಾನಕ ಚಿತ್ರ ಅದಕ್ಕೆ ಸಮ?

ಕೊಲೆಗಾರ ಮಗು ಇರುವುದು ಹೆಚ್ಚಾಗಿ ಪರದೆಯ ಮೇಲೆ. ಮಗುವಿನ ಒಳಗನ್ನು ಅರಿಯಲಾರದ ನಮ್ಮ ಅಂಜಿಕೆ ಮಾತ್ರ ಮನೆಯಲ್ಲೇ ಇದೆ, ಅದರ ಬೆಲೆ ತೆರುವವರು ಮಕ್ಕಳು. ಮುಂದಿನ ಸಲ ಅಂಥ ಚಿತ್ರ ನೋಡಿ ಹೆದರಿದಾಗ, ದೀಪ ಹಾಕಿ ಪಕ್ಕದಲ್ಲಿ ಮಲಗಿರುವ ಮಗುವನ್ನೊಮ್ಮೆ ನೋಡಿ. ಅದು ಯಾವುದಕ್ಕೆ ಹೆದರುತ್ತದೆ ಎಂದು ಬೆಳಿಗ್ಗೆ ಕೇಳಿ. ಉತ್ತರ ನೀವೇ ಆಗಿರದಿರಲಿ.