ಬಿಡುಗಡೆಯ ಮರುದಿನ

ನರಗುಂದವೆಂದರೆ ಬಾಬಾಸಾಹೇಬರ 1858ರ ಬಂಡಾಯ, ಗಜೇಂದ್ರಗಡವೆಂದರೆ ಕೋಟೆ, ರೋಣವೆಂದರೆ ಹಳೆಯ ಗುಡಿಗಳು: ನಮಗೆ ನೆನಪಾಗುವ ಇತಿಹಾಸ ಇಷ್ಟೇ. ಈ ಊರುಗಳಿಗೂ ಸಂಬಂಧಿಸಿದ ಇನ್ನೊಂದು ಇತಿಹಾಸವನ್ನು ನಾನು ಹಳೆಯ ಕಾಯಿದೆಗಳಲ್ಲಿ ಕಂಡಿದ್ದೇನೆ. ತಪ್ಪು ಮಾಡಿ ಸೆರೆಯಾದ ಎಳೆಯರನ್ನು ಮರಳಿ ಶಾಲೆಗೋ ದುಡಿಮೆಗೋ ಹಚ್ಚುವ ಪ್ರಯತ್ನದ ಇತಿಹಾಸವದು.

ಸಣ್ಣ ಅಪರಾಧಕ್ಕೆ ಶಿಕ್ಷೆಯಾದ ಬಾಲಕನನ್ನು ಮ್ಯಾಜಿಸ್ಟ್ರೇಟನೇ ಪೋಷಕನಾಗಿ ನಿಂತು ಕಸಬುದಾರನ ಕೈಕೆಳಗೆ ಇರಿಸಬಹುದೆಂದು 1850ರ ಅಪ್ರೆಂಟಿಸ್ ಕಾಯಿದೆ ಹೇಳಿತು. 1897ರ ಸುಧಾರಣಾ ಶಾಲೆಗಳ ಕಾಯಿದೆಯು 14 ವರ್ಷ ತುಂಬಿದ ಹುಡುಗನಿಗೆ ಪರವಾನಗಿ ಕೊಟ್ಟು, ನಂಬಿಗಸ್ತ ಯಜಮಾನನ ಬಳಿ ಕೆಲಸಕ್ಕೆ ಕಳಿಸಲು ದಾರಿ ಮಾಡಿತು. ಮುಂದೆ 1929ರಲ್ಲಿ ಮುಂಬಯಿ ಇಲಾಖೆಯು ಬೋರ್ಸ್ಟಲ್ ಶಾಲೆಗಳ ಕಾಯಿದೆಯನ್ನು ತಂದಿತು. ಇಂಗ್ಲೆಂಡಿನ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ 1902ರಲ್ಲಿ ನಡೆದ ಪ್ರಯೋಗ ಅದಕ್ಕೆ ಮಾದರಿ. 16ರಿಂದ 21ರ ತರುಣರಿಗಾಗಿ ಅಂಥ ಶಾಲೆಯೊಂದು ಧಾರವಾಡದಲ್ಲಿ ನಡೆಯಿತು. ರೋಣ, ನರಗುಂದ, ಗಜೇಂದ್ರಗಡಗಳು ಆಗ ಧಾರವಾಡ ಜಿಲ್ಲೆಯವೇ; ಗದಗ ಜಿಲ್ಲೆಯಾದುದು 1997ರಲ್ಲಿ.

ಈ ಕಾಯಿದೆಗಳೆಲ್ಲಕ್ಕೂ ಒಂದೇ ಆಧಾರ: ಹೊರಬಂದವನನ್ನು ಬರಮಾಡಿಕೊಳ್ಳಲು ಯಾರೋ ಒಬ್ಬರು ಇರಬೇಕು. ಪಟ್ಟಣದಲ್ಲಿ ಗುರುತು ಮರೆಸಿ ಬದುಕಬಹುದು. ಗಜೇಂದ್ರಗಡದ ನೇಕಾರರ ಓಣಿಯಲ್ಲಾಗಲಿ, ನರಗುಂದದ ಎರೆಹೊಲದ ಬದುವಿನಲ್ಲಾಗಲಿ ಮೊದಲ ಪ್ರಶ್ನೆಯೇ, “ಯಾರ ಮಗನೋ ತಮ್ಮಾ?” ಉತ್ತರ ಹೇಳುವಷ್ಟರಲ್ಲಿ ಹಳೆಯದೆಲ್ಲ ಹೊರಬಿದ್ದಿರುತ್ತದೆ. ಒಳಗೆ ಬಡಗಿತನ ಕಲಿತರೂ, ಮಳೆ ತಪ್ಪಿದ ವರ್ಷದಲ್ಲಿ ಬಾಗಿಲು ಮಾಡಿಸುವವರು ಯಾರು?

2015ರ ಬಾಲನ್ಯಾಯ ಕಾಯಿದೆ ಈ ಕಳಂಕವನ್ನೇ ತೊಡೆಯಹೊರಟಿದೆ. 18 ತುಂಬದವರು ತಪ್ಪಿತಸ್ಥರೆಂದು ಕಂಡುಬಂದರೂ ಅದು ಮುಂದೆ ಅನರ್ಹತೆಯಾಗಬಾರದು, ದಾಖಲೆ ತಕ್ಕ ಕಾಲದ ನಂತರ ನಾಶವಾಗಬೇಕು. 16 ದಾಟಿ ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾದವರಿಗೆ ಮಾತ್ರ ಈ ರಕ್ಷಣೆಯಿಲ್ಲ. 18 ತುಂಬಿ ಸಂಸ್ಥೆಯಿಂದ ಹೊರಡುವವರಿಗೆ 21ರವರೆಗೆ ನೆರವು ಕೊಡಲೂ ಅವಕಾಶವಿದೆ.

ಸರಕಾರ ಕಡತವನ್ನು ಸುಡಬಲ್ಲದು. ಊರಿನ ನೆನಪನ್ನು ಸುಡಲಾರದು. ಆದ್ದರಿಂದ ಈ ಕಾಯಿದೆಯ ಉಳಿದ ಅರ್ಧ ನಮ್ಮ ಕೈಯಲ್ಲಿದೆಯೆಂದು ನನಗೆ ತೋರುತ್ತದೆ. ವರ್ಷದ ನಡುವೆ ಬಂದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವ ಮುಖ್ಯೋಪಾಧ್ಯಾಯರು, ಖಾಲಿ ಮಗ್ಗವೊಂದನ್ನು ತೋರಿಸಿ “ಕೂಡ್ರು” ಎನ್ನುವ ನೇಕಾರ: 1850ರ ಕಾಯಿದೆ ಹುಡುಕಿದ್ದು ಇಂಥವರನ್ನೇ. ಇಂದಿಗೂ ಅವರನ್ನೇ ಹುಡುಕಬೇಕಾಗಿದೆ.