ಟೈಪಿಂಗ್ ಶಾಲೆಯಿಂದ ಗಣಕದವರೆಗೆ: ಉಡುಪಿ ಸೀಮೆಯ ಕಚೇರಿ ಬರವಣಿಗೆ

ಉಡುಪಿ ಸೀಮೆಯಲ್ಲಿ ಪದಸಂಸ್ಕರಣದ ಕಲಿಕೆ, ಅಂದರೆ ಪತ್ರವೊಂದನ್ನು ಗಣಕದಲ್ಲಿ ಬರೆದು, ತಿದ್ದಿ, ಒಪ್ಪವಾಗಿಸಿ ಮುದ್ರಿಸುವ ವಿದ್ಯೆ, ಗಣಕದ ಜತೆಗೇ ಹುಟ್ಟಿದ್ದಲ್ಲ. ಅದರ ಬೇರು ಇಲ್ಲಿನ ಬ್ಯಾಂಕುಗಳ ಪತ್ರವ್ಯವಹಾರದಲ್ಲಿಯೂ ಅದನ್ನು ನೆಚ್ಚಿಕೊಂಡ ಟೈಪಿಂಗ್ ಶಾಲೆಗಳಲ್ಲಿಯೂ ಇದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕೂ, 1925ರಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರಿಂದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯೂ ಉಡುಪಿಯಲ್ಲಿಯೇ ಆರಂಭವಾದವು. ಎರಡನೆಯದರ ಪ್ರಧಾನ ಕಚೇರಿ ಮಣಿಪಾಲದಲ್ಲಿ ನೆಲೆಗೊಂಡ ಮೇಲೆ ಗುಮಾಸ್ತಿಕೆಯು ಸುತ್ತಲಿನ ಮಧ್ಯಮ ವರ್ಗದ ಮನೆಗಳಿಗೆ ಕೈಗೆಟುಕುವ ಉದ್ಯೋಗವಾಯಿತು, ಟೈಪಿಂಗ್ ಪರೀಕ್ಷೆಯ ಜೂನಿಯರ್, ಸೀನಿಯರ್ ದರ್ಜೆಗಳು ಆ ಉದ್ಯೋಗದ ಮೆಟ್ಟಿಲುಗಳಾದವು.

ಆ ಶಾಲೆಗಳ ಪಾಠ ಬೆರಳಿನಿಂದ ಆರಂಭವಾಗುತ್ತಿತ್ತು. ಎಡಗೈಯ ನಾಲ್ಕು ಬೆರಳು ಎ, ಎಸ್, ಡಿ, ಎಫ್ ಕೀಲಿಗಳ ಮೇಲೆ, ಬಲಗೈಯವು ಜೆ, ಕೆ, ಎಲ್ ಮತ್ತು ಅರ್ಧವಿರಾಮದ ಕೀಲಿಗಳ ಮೇಲೆ ಕೂರಬೇಕು, ಕಣ್ಣು ಕೀಲಿಯ ಕಡೆಗೆ ಹೊರಳಕೂಡದು. ಅಂಚು ಸಮೀಪಿಸಿದಾಗ ಗಂಟೆ ಬಾರಿಸುವ ಯಂತ್ರದ ಮುಂದೆ ಕುಳಿತವನು ಸಾಲು ಎಲ್ಲಿ ಮುರಿಯಬೇಕೆಂಬುದನ್ನು ತಾನೇ ನಿರ್ಧರಿಸಬೇಕಾಗಿತ್ತು. ಸ್ಟೆನ್ಸಿಲ್, ಅಂದರೆ ಹಲವು ಪ್ರತಿಗಳಿಗಾಗಿ ಅಕ್ಷರ ಕೊರೆಯುವ ಮೇಣದ ಹಾಳೆ, ಒಂದು ತಪ್ಪಿಗೂ ತೇಪೆ ಬೇಡುತ್ತಿತ್ತು. ಹೀಗೆ ಬರೆಯುವ ಮೊದಲೇ ಪುಟದ ರೂಪವನ್ನು ಮನಸ್ಸಿನಲ್ಲಿ ಕಾಣುವ ಶಿಸ್ತು ಬೆಳೆಯುತ್ತಿತ್ತು. ಆ ಶಿಸ್ತನ್ನು ಇಂದು ಕೇವಲ ಯಾಂತ್ರಿಕ ದುಡಿಮೆಯೆಂದು ತಳ್ಳಿಹಾಕುವುದು ಅನ್ಯಾಯ.

ಗಣಕಗಳು ಬಂದಾಗ ಬೆರಳಿನ ಅಭ್ಯಾಸ ಹಾಗೆಯೇ ಉಳಿದು, ತಿದ್ದುವ ಕ್ರಮ ಮಾತ್ರ ಬದಲಾಯಿತು. 1978ರಲ್ಲಿ ಅಮೆರಿಕದಲ್ಲಿ ಹೊರಬಂದ ವರ್ಡ್‌ಸ್ಟಾರ್ ತಂತ್ರಾಂಶದಲ್ಲಿ ಕಂಟ್ರೋಲ್ ಕೀಲಿಯೊಂದಿಗೆ ಕೆ, ಬಿ ಒತ್ತಿ ಭಾಗವೊಂದರ ಆರಂಭವನ್ನೂ, ಕೆ, ಕೆ ಒತ್ತಿ ಅಂತ್ಯವನ್ನೂ ಗುರುತಿಸಿ, ಅದನ್ನು ಬೇರೆಡೆಗೆ ಸರಿಸಬಹುದಾಗಿತ್ತು. ಕರಡು ಮತ್ತು ಶುದ್ಧಪ್ರತಿ ಎಂಬ ಎರಡು ಬೇರೆ ಹಾಳೆಗಳ ಭೇದ ಅಲ್ಲಿಗೆ ಅಳಿಯಿತು.

ಇಷ್ಟಾದರೂ ಕನ್ನಡದ ಸಮಸ್ಯೆ ಬಗೆಹರಿದಿರಲಿಲ್ಲ. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯಾಗಿತ್ತು, ಆದರೆ ಕನ್ನಡ ಟೈಪ್‌ರೈಟರು ಅಕ್ಷರವನ್ನು ಆಕಾರಗಳ ತುಂಡುಗಳಾಗಿ ಕಾಣುತ್ತಿದ್ದುದರಿಂದ, ತಲೆಕಟ್ಟು, ಗುಣಿತದ ಕೊಂಬು, ಒತ್ತು ಇವುಗಳನ್ನು ಒಂದೊಂದಾಗಿ ಜೋಡಿಸುವ ಶ್ರಮ ಬೆರಳಚ್ಚುಗಾರನ ಮೇಲೆಯೇ ಬೀಳುತ್ತಿತ್ತು. ಆಕಾರದ ಬದಲು ಧ್ವನಿಯನ್ನು ಆಧಾರವಾಗಿ ಹಿಡಿದವರು ಕರಾವಳಿಯವರೇ ಆದ ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ಅವರು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದ 'ಸೇಡಿಯಾಪು' ತಂತ್ರಾಂಶದ ಹಿಂದಿದ್ದ ಕೀಲಿವಿನ್ಯಾಸವು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಇಡೀ ವರ್ಣಮಾಲೆಯನ್ನು ಅಡಕಗೊಳಿಸುತ್ತದೆ. ಈ ವಿನ್ಯಾಸದಲ್ಲಿ 'ಪತ್ರ' ಎಂದು ಬರೆಯಲು ಪಿ, ಟಿ, ಎಫ್, ಆರ್ ಕೀಲಿಗಳು ಸಾಕು. ಎಫ್ ಇಲ್ಲಿ ವ್ಯಂಜನಗಳನ್ನು ಬೆಸೆಯುವ ಕೊಂಡಿ. 'ಉಡುಪಿ' ಎಂಬುದರ ಡಕಾರಕ್ಕೆ ಡಬ್ಲ್ಯು ಕೀಲಿ ಎಂಬಂಥ ಕೆಲವನ್ನಷ್ಟೇ ನೆನಪಿಡಬೇಕು. ಒತ್ತಕ್ಷರ ಎಲ್ಲಿ, ಹೇಗೆ ಕೂರಬೇಕೆಂಬ ಚಿಂತೆ ಯಂತ್ರದ್ದಾಯಿತು, ಕಾಗುಣಿತ ಬಲ್ಲವರಿಗೆಲ್ಲ ಕನ್ನಡದ ಬೆರಳಚ್ಚು ಎಟುಕುವಂತಾಯಿತು. ಈ ಸೀಮೆಯು ಕಚೇರಿ ಕನ್ನಡಕ್ಕೆ ಕೊಟ್ಟ ಕೊಡುಗೆಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇರಲಾರದು. ಸರ್ಕಾರವು ಮುಂದೆ ಇದೇ ವಿನ್ಯಾಸವನ್ನು ಅಧಿಕೃತವಾಗಿ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಅದನ್ನು ಸರ್ಕಾರಿ ಕಚೇರಿಗಳ ಮೇಜುಮೇಜಿಗೆ ತಲುಪಿಸಿತು.

1997ರಲ್ಲಿ ಉಡುಪಿ, ಕಾರ್ಕಳ, ಕುಂದಾಪುರ ತಾಲ್ಲೂಕುಗಳನ್ನು ಕೂಡಿಸಿ ಉಡುಪಿ ಜಿಲ್ಲೆಯನ್ನು ರಚಿಸಿದಾಗ ಹೊಸ ಜಿಲ್ಲಾ ಕಚೇರಿಗಳಿಗೆ ಇಂಥ ತರಬೇತಿ ಪಡೆದವರ ಅಗತ್ಯ ಹೆಚ್ಚಿತು. 2012ರ ನಿಯಮಗಳು ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ವಿಧಿಸಿದ ಬಳಿಕ, ಹಿಂದೆ ಬೆರಳಚ್ಚುಗಾರರಿಗೆ ಮೀಸಲಾಗಿದ್ದ ವಿದ್ಯೆಯನ್ನು ಇತರ ಸಿಬ್ಬಂದಿಯೂ ಕಲಿಯಬೇಕಾಯಿತು. ಕೆಲವು ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾದ ಕಾಪುವಿನ ಆಡಳಿತ ಆರಂಭವಾದದ್ದೇ ಗಣಕದ ಕಾಲದಲ್ಲಿ. ಅಲ್ಲಿ ಇಂದು ಕೆಲಸಕ್ಕೆ ಸೇರುವವರು ಕೀಲಿಗಳ ಜತೆಗೆ ಕಡತದ ಸಂಕೇತಕ್ರಮವನ್ನೂ ತಿಳಿದಿರಬೇಕು: ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಪತ್ರ ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುವುದರಿಂದ, ಅದನ್ನು ಜಗತ್ತಿನ ಲಿಪಿಗಳಿಗೆಲ್ಲ ಸಮಾನವಾದ ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಸಾಲುಸಾಲಾಗಿ ಓದಿ ನೋಡಿಯೇ ಮುಂದಕ್ಕೆ ಕಳುಹಿಸಬೇಕಾಗುತ್ತದೆ.