ರಾಮನಗರ: ರಸ್ತೆ ನಿರ್ವಹಣೆ ಮತ್ತು ಸ್ಥಳೀಯ ಸಾರಿಗೆ – ಸಾರ್ವಜನಿಕರಿಗೆ ಮಾಹಿತಿ

ರಾಮನಗರವು ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿ ಮತ್ತು ರೈಲು ಮಾರ್ಗ ಎರಡರ ಮೇಲೂ ನೆಲೆಸಿರುವ ಪಟ್ಟಣವಾಗಿದೆ. 2007ರಲ್ಲಿ ಇದು ಜಿಲ್ಲಾ ಕೇಂದ್ರವಾಯಿತು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಈ ಊರಿನಿಂದ ಪ್ರತಿದಿನ ಬೆಳಿಗ್ಗೆ ನೌಕರರು, ವಿದ್ಯಾರ್ಥಿಗಳು ಹಾಗೂ ಕಾರ್ಮಿಕರು ಬೆಂಗಳೂರಿಗೂ ಬಿಡದಿಯ ಕೈಗಾರಿಕಾ ಪ್ರದೇಶಕ್ಕೂ ತೆರಳಿ ಸಂಜೆ ಮರಳುತ್ತಾರೆ. ಇವರಲ್ಲಿ ಅನೇಕರ ವಾಹನ ದ್ವಿಚಕ್ರ ವಾಹನವೇ ಆಗಿದೆ.

ರಸ್ತೆಯ ದುಃಸ್ಥಿತಿಯ ಬಗ್ಗೆ ಸಲ್ಲಿಕೆಯಾಗುವ ಮನವಿಗಳು ವಿಳಂಬವಾಗಲು ಹಣದ ಕೊರತೆ ಒಂದೇ ಕಾರಣವಲ್ಲ. ಅರ್ಜಿಯು ಆ ರಸ್ತೆಗೆ ಸಂಬಂಧಪಡದ ಕಚೇರಿಗೆ ತಲುಪಿ, ಅಲ್ಲಿಂದ ಮತ್ತೊಂದು ಕಚೇರಿಗೆ ರವಾನೆಯಾಗುವಷ್ಟರಲ್ಲಿ ಮಳೆಗಾಲವೇ ಕಳೆದಿರುತ್ತದೆ. ಒಂದೇ ಊರಿನೊಳಗೆ ನಾಲ್ಕೈದು ಸಂಸ್ಥೆಗಳಿಗೆ ಸೇರಿದ ರಸ್ತೆಗಳಿರುತ್ತವೆ. ಆದುದರಿಂದ ಅರ್ಜಿ ಬರೆಯುವ ಮುನ್ನ ರಸ್ತೆ ಯಾರ ಸುಪರ್ದಿನಲ್ಲಿದೆ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ರಸ್ತೆ ಯಾರಿಗೆ ಸೇರಿದ್ದು

ಊರ ಹೊರಗಿನ ರಸ್ತೆಗಳಲ್ಲಿ ಇದನ್ನು ಗುರುತಿಸಲು ಸುಲಭವಾದ ಉಪಾಯವೊಂದಿದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣವನ್ನು ನೋಡತಕ್ಕದ್ದು. ಹಳದಿ ಇದ್ದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿಯಾದರೆ ಜಿಲ್ಲಾ ರಸ್ತೆ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಕಲ್ಲು ಹೂತುಹೋಗಿರುವ ಅಥವಾ ಭಿತ್ತಿಪತ್ರಗಳಿಂದ ಮುಚ್ಚಿಹೋಗಿರುವ ಕಡೆ ಈ ಉಪಾಯ ಫಲಿಸದು ಎಂಬುದು ಬೇರೆ ಮಾತು.

ರಾಷ್ಟ್ರೀಯ ಹೆದ್ದಾರಿ 275ರ ಬೆಂಗಳೂರು–ಮೈಸೂರು ಭಾಗವನ್ನು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಅಭಿವೃದ್ಧಿಪಡಿಸಿದೆ. ಮುಖ್ಯ ಪಥ ಮಾತ್ರವಲ್ಲದೆ ಅದರ ಇಕ್ಕೆಲಗಳ ಸರ್ವಿಸ್ ರಸ್ತೆ, ಕೆಳಸೇತುವೆ ಮತ್ತು ಹೆದ್ದಾರಿಯ ಚರಂಡಿಗಳೂ ಪ್ರಾಧಿಕಾರದ ಹೊಣೆಯಾಗಿರುತ್ತವೆ. ಸರ್ವಿಸ್ ರಸ್ತೆಯು ಮನೆ ಅಂಗಡಿಗಳ ಮುಂದೆಯೇ ಹಾದುಹೋಗುವುದರಿಂದ ಅದು ನಗರಸಭೆಯದೆಂದು ಭಾವಿಸುವುದು ಸಾಮಾನ್ಯ. ಆದರೆ ಅದು ಸರಿಯಲ್ಲ. ಈ ಹೆದ್ದಾರಿಗೆ ಸಂಬಂಧಿಸಿದ ದೂರುಗಳನ್ನು 1033 ಸಹಾಯವಾಣಿಗೆ ದಿನದ ಯಾವುದೇ ವೇಳೆಯಲ್ಲಿ ತಿಳಿಸಬಹುದು. ಪ್ರಾಧಿಕಾರದ ರಾಜಮಾರ್ಗ ಯಾತ್ರಾ ಆ್ಯಪ್ ಮೂಲಕ ಛಾಯಾಚಿತ್ರ ಸಹಿತ ದೂರು ದಾಖಲಿಸುವ ಸೌಲಭ್ಯವೂ ಇದೆ.

ರಾಜ್ಯ ಹೆದ್ದಾರಿ ಹಾಗೂ ಜಿಲ್ಲಾ ಮುಖ್ಯ ರಸ್ತೆಗಳ ನಿರ್ವಹಣೆ ಲೋಕೋಪಯೋಗಿ ಇಲಾಖೆಯದು. ತಾಲ್ಲೂಕು ಕೇಂದ್ರಗಳನ್ನು ಪರಸ್ಪರ ಜೋಡಿಸುವ ರಸ್ತೆಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಇಂತಹ ರಸ್ತೆ ಪಟ್ಟಣದೊಳಗೆ ಹಾದುಹೋದರೂ, ಹಸ್ತಾಂತರದ ಆದೇಶವಾಗದ ಹೊರತು, ಅದು ತಾನಾಗಿ ನಗರಸಭೆಯ ರಸ್ತೆಯಾಗುವುದಿಲ್ಲ. ಹಳ್ಳಿಗಳನ್ನು ಸೇರಿಸುವ ರಸ್ತೆಗಳು ಜಿಲ್ಲಾ ಪಂಚಾಯತಿಯ ವ್ಯಾಪ್ತಿಯಲ್ಲಿದ್ದು, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವು ಅವುಗಳನ್ನು ನೋಡಿಕೊಳ್ಳುತ್ತದೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ನಿರ್ಮಿಸಿದ ರಸ್ತೆಯನ್ನು ಪೂರ್ಣಗೊಂಡ ನಂತರ 5 ವರ್ಷಗಳವರೆಗೆ ಗುತ್ತಿಗೆದಾರರೇ ನಿರ್ವಹಿಸತಕ್ಕದ್ದು. ಕಾಮಗಾರಿ ಮುಗಿದ ದಿನಾಂಕ ಮತ್ತು ನಿರ್ವಹಣೆಯ ವಿವರಗಳನ್ನು ರಸ್ತೆಯ ಆರಂಭದಲ್ಲಿರುವ ಫಲಕದಲ್ಲಿ ಕಾಣಬಹುದು.

ಉಳಿದಂತೆ ಪಟ್ಟಣದ ಬಡಾವಣೆಗಳ ರಸ್ತೆ, ಅಡ್ಡರಸ್ತೆ, ಪಾದಚಾರಿ ಮಾರ್ಗ, ಬೀದಿದೀಪ ಮತ್ತು ಮಳೆನೀರು ಚರಂಡಿಗಳು ಕರ್ನಾಟಕ ಪುರಸಭೆಗಳ ಅಧಿನಿಯಮ 1964ರ ಮೇರೆಗೆ ನಗರಸಭೆಯ ಕರ್ತವ್ಯಗಳಾಗಿವೆ. ರೈಲು ನಿಲ್ದಾಣದ ಮುಂದಿನ ಆವರಣ ರೈಲ್ವೆ ಇಲಾಖೆಯದಾದರೆ, ಬಸ್ ನಿಲ್ದಾಣದ ಒಳಾವರಣ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ್ದು.

ಹಳೆಯ ಹೆದ್ದಾರಿ ಮತ್ತು ಸರ್ವಿಸ್ ರಸ್ತೆಯ ಮಹತ್ವ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ ಮತ್ತು ಚನ್ನಪಟ್ಟಣಗಳಿಗೆ ಬೈಪಾಸ್ ದೊರೆತು, ದೂರ ಪ್ರಯಾಣದ ವಾಹನಗಳು ಊರ ಹೊರಗಿನಿಂದಲೇ ಸಾಗತೊಡಗಿದವು. ಐಜೂರು ವೃತ್ತದ ಮೂಲಕ ಹಾದುಹೋಗುವ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಮೇಲಿನ ಒತ್ತಡ ಇದರಿಂದ ತಗ್ಗಿತಾದರೂ ಅದರ ಮಹತ್ವ ತಗ್ಗಲಿಲ್ಲ. ಏಕೆಂದರೆ 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ ಹಾಗೂ ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಯಿತು. ಬಿಡದಿಯ ಕಾರ್ಖಾನೆಗೆ ಪಾಳಿಯ ಕೆಲಸಕ್ಕೆ ಹೋಗುವ ಕಾರ್ಮಿಕನು ರಾತ್ರಿ ವೇಳೆ ಬೈಕಿನಲ್ಲಿ ಸಾಗಬೇಕಾದದ್ದು ಸರ್ವಿಸ್ ರಸ್ತೆ ಇಲ್ಲವೇ ಹಳೆಯ ರಸ್ತೆಯಲ್ಲಿ. ಕಾರಿನವರಿಗೆ ಕೇವಲ ಕುಲುಕಾಟವಾಗುವ ಗುಂಡಿ ಇವರಿಗೆ ಪ್ರಾಣಾಪಾಯವಾಗಬಲ್ಲದು. ಈ ಎರಡು ರಸ್ತೆಗಳ ಬಗ್ಗೆ ದೂರು ನೀಡಲು ಸಾರ್ವಜನಿಕರು ಹಿಂಜರಿಯಬಾರದು.

ಬೈಪಾಸ್ ನಿರ್ಮಾಣವಾದ ಊರುಗಳಲ್ಲಿ, ಬಳಕೆಯಿಂದ ಬಿಟ್ಟುಹೋದ ಹಳೆಯ ಹೆದ್ದಾರಿಯ ತುಂಡನ್ನು ಒಂದು ಬಾರಿ ಸುಸ್ಥಿತಿಗೆ ತಂದು ರಾಜ್ಯಕ್ಕೆ ಹಸ್ತಾಂತರಿಸುವುದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪದ್ಧತಿ. ಹಸ್ತಾಂತರದ ಮೊದಲು ಮತ್ತು ನಂತರ ಹೊಣೆಗಾರರು ಬೇರೆಬೇರೆಯಾಗುವುದರಿಂದ, ಇಂತಹ ರಸ್ತೆಯ ಕುರಿತ ಅರ್ಜಿಯ ಪ್ರತಿಯನ್ನು ಹೆದ್ದಾರಿ ಪ್ರಾಧಿಕಾರ ಮತ್ತು ಲೋಕೋಪಯೋಗಿ ಇಲಾಖೆ ಎರಡಕ್ಕೂ ಸಲ್ಲಿಸುವುದು ಸೂಕ್ತ.

ಖಾಸಗಿ ಬಡಾವಣೆಗಳು

ನಿವೇಶನ ಖರೀದಿಸಿ ಮನೆ ಕಟ್ಟಿಕೊಂಡು, ಕಂದಾಯವನ್ನೂ ಪಾವತಿಸುತ್ತಿದ್ದರೂ ರಸ್ತೆಗೆ ಡಾಂಬರು ಬೀಳದಿರುವ ಪ್ರಸಂಗಗಳುಂಟು. ಖಾಸಗಿ ಬಡಾವಣೆಯ ರಸ್ತೆ, ಚರಂಡಿ ಮತ್ತು ಉದ್ಯಾನಗಳನ್ನು ಅಭಿವೃದ್ಧಿಪಡಿಸಿ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುವ ಹೊಣೆ ಬಡಾವಣೆ ನಿರ್ಮಿಸಿದವರದು. ಅದು ಆಗದಿದ್ದಲ್ಲಿ ನಗರಸಭೆಯು ಆ ರಸ್ತೆಗೆ ಹಣ ವೆಚ್ಚ ಮಾಡಲು ತೊಡಕು ಉಂಟಾಗುತ್ತದೆ. ನಿವಾಸಿಗಳು ಮೊದಲು ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನು ನಗರಾಭಿವೃದ್ಧಿ ಪ್ರಾಧಿಕಾರದಿಂದ ಪಡೆದು, ಹಸ್ತಾಂತರವಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ನಿವೇಶನ ಕೊಳ್ಳುವ ಮೊದಲೇ ಇದನ್ನು ವಿಚಾರಿಸುವುದು ಇನ್ನೂ ಲೇಸು.

ಗುಂಡಿ ಮರಳಿ ಬೀಳುವುದೇಕೆ

ಡಾಂಬರು ರಸ್ತೆಯ ಮೊದಲ ಶತ್ರು ನೀರು. ಮೇಲ್ಪದರದ ಸಣ್ಣ ಬಿರುಕಿನ ಮೂಲಕ ನೀರು ಇಳಿದು ಕೆಳಗಿನ ಜಲ್ಲಿಯ ಪದರವನ್ನು ಸಡಿಲಗೊಳಿಸುತ್ತದೆ. ಅದರ ಮೇಲೆ ಭಾರದ ವಾಹನ ಸಾಗಿದಾಗ ಡಾಂಬರು ಕುಸಿದು ಗುಂಡಿಯಾಗುತ್ತದೆ. ಆ ಗುಂಡಿಗೆ ಮಣ್ಣು ಅಥವಾ ಕಟ್ಟಡದ ಅವಶೇಷ ಸುರಿದಲ್ಲಿ ಮುಂದಿನ ಮಳೆಗೆ ಅದು ಕೊಚ್ಚಿಹೋಗುವುದು ನಿಶ್ಚಿತ. ಸರಿಯಾದ ಕ್ರಮವೆಂದರೆ, ಗುಂಡಿಯ ಅಂಚುಗಳನ್ನು ಚೌಕಾಕಾರವಾಗಿ ನೇರಕ್ಕೆ ಕತ್ತರಿಸಿ, ಸಡಿಲವಾದ ಜಲ್ಲಿ ಮತ್ತು ಧೂಳನ್ನು ತೆಗೆದು, ತಳಕ್ಕೂ ಅಂಚಿಗೂ ಡಾಂಬರನ್ನು ತೆಳುವಾಗಿ ಬಳಿದು, ಮಿಶ್ರಣವನ್ನು ಪದರ ಪದರವಾಗಿ ತುಂಬಿ ಬಿಗಿಯಾಗಿ ಅದುಮುವುದು. ಒದ್ದೆಯಾದ ಮೇಲ್ಮೈಗೆ ಬಿಸಿ ಡಾಂಬರು ಹಿಡಿಯುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ತಣ್ಣನೆಯ ಸಿದ್ಧಮಿಶ್ರಣ ಬಳಸಿ ತಾತ್ಕಾಲಿಕ ದುರಸ್ತಿ ಕೈಗೊಂಡು, ಮಳೆ ನಿಂತ ಮೇಲೆ ಶಾಶ್ವತ ದುರಸ್ತಿ ಮಾಡಲಾಗುತ್ತದೆ. ತಾತ್ಕಾಲಿಕ ದುರಸ್ತಿಯನ್ನೇ ಕೊನೆಯದೆಂದು ದಾಖಲಿಸಿ ದೂರನ್ನು ಮುಕ್ತಾಯಗೊಳಿಸಿದ್ದಲ್ಲಿ ಅರ್ಜಿದಾರರು ಅದನ್ನು ಒಪ್ಪದೆ ಪುನಃ ದೂರು ಸಲ್ಲಿಸಬಹುದಾಗಿದೆ.

ಚರಂಡಿ ಕೆಟ್ಟಿರುವ ಕಡೆ ರಸ್ತೆಯನ್ನು ಎಷ್ಟು ಬಾರಿ ದುರಸ್ತಿಪಡಿಸಿದರೂ ಪ್ರಯೋಜನವಿಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಭಾರಿ ಮಳೆಗೆ ರಾಮನಗರದ ಸುತ್ತ ಹೆದ್ದಾರಿಯು ಜಲಾವೃತಗೊಂಡು ಸಂಚಾರ ಅಸ್ತವ್ಯಸ್ತವಾಯಿತು. 2023ರ ಮಾರ್ಚ್‌ನಲ್ಲಿ, ಹೆದ್ದಾರಿ ಉದ್ಘಾಟನೆಯಾದ ಒಂದು ವಾರದೊಳಗೇ, ಸಂಗಬಸವನದೊಡ್ಡಿ ಬಳಿಯ ಕೆಳಸೇತುವೆಯಲ್ಲಿ ಮಳೆನೀರು ನಿಂತಿತು. ಹೊಲಗಳಿಗೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರಿಂದ ನೀರು ಹರಿಯಲಿಲ್ಲವೆಂದು ಪ್ರಾಧಿಕಾರವು ಆಗ ವಿವರಣೆ ನೀಡಿತು. ಹೆದ್ದಾರಿ ನಿರ್ಮಿಸುವಾಗ ಹಳ್ಳಿಗರ ದಾರಿಯನ್ನೂ, ದಾರಿ ಮಾಡಿಕೊಳ್ಳುವಾಗ ನೀರಿನ ದಾರಿಯನ್ನೂ ಗಮನದಲ್ಲಿಡಬೇಕಾಗುತ್ತದೆ. ಆದುದರಿಂದ ಗುಂಡಿಯ ದೂರಿನಲ್ಲಿ, ಮಳೆನೀರು ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಕಟ್ಟಿಕೊಂಡಿದೆ ಎಂಬುದನ್ನೂ ನಮೂದಿಸುವುದು ಅಗತ್ಯ.

ಕುಡಿಯುವ ನೀರು, ಒಳಚರಂಡಿ ಅಥವಾ ಕೇಬಲ್ ಸಲುವಾಗಿ ರಸ್ತೆ ಅಗೆಯುವವರು ಪೂರ್ವಾನುಮತಿ ಪಡೆದು, ರಸ್ತೆಯನ್ನು ಮೊದಲಿನ ಸ್ಥಿತಿಗೆ ತರಲು ನಿಗದಿಪಡಿಸಿದ ಶುಲ್ಕವನ್ನು ಪಾವತಿಸತಕ್ಕದ್ದು. ಮನೆಯ ನಲ್ಲಿ ಸಂಪರ್ಕಕ್ಕಾಗಿ ಅಗೆಯುವ ನಾಗರಿಕರಿಗೂ ಈ ನಿಯಮ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಅಗೆದ ಹಳ್ಳ ಕಂಡುಬಂದಲ್ಲಿ ಕೂಡಲೇ ನಗರಸಭೆಯ ಗಮನಕ್ಕೆ ತರಬಹುದು.

ಅರ್ಜಿ ಸಲ್ಲಿಸುವ ವಿಧಾನ

ನಗರಸಭೆಯ ರಸ್ತೆ ಮತ್ತು ಬೀದಿದೀಪಗಳ ದೂರನ್ನು ಕಚೇರಿಯಲ್ಲಿ ಲಿಖಿತವಾಗಿ ಅಥವಾ ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್ ಮೂಲಕ ಸಲ್ಲಿಸಬಹುದು. ರಾಜ್ಯ ಸರ್ಕಾರದ ಯಾವುದೇ ಇಲಾಖೆಗೆ ಸೇರಿದ ದೂರಿಗೆ ಜನಸ್ಪಂದನ ಸಹಾಯವಾಣಿ 1902 ಲಭ್ಯವಿದೆ. ಲಿಖಿತ ಅರ್ಜಿ ನೀಡಿದವರು ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕವುಳ್ಳ ಮೊಹರನ್ನು ತಮ್ಮ ಪ್ರತಿಯ ಮೇಲೆ ತಪ್ಪದೆ ಪಡೆಯತಕ್ಕದ್ದು. ಸ್ವೀಕೃತಿ ಇಲ್ಲದ ಅರ್ಜಿಯನ್ನು ಬೆನ್ನಟ್ಟುವುದು ಕಷ್ಟ.

"ನಮ್ಮ ಬೀದಿಯ ರಸ್ತೆ ಹಾಳಾಗಿದೆ" ಎಂದಷ್ಟೇ ಬರೆದರೆ ಸ್ಥಳ ಪತ್ತೆ ಮಾಡಲು ಬರುವ ಸಿಬ್ಬಂದಿಗೆ ಉಪಯೋಗವಾಗದು. ವಾರ್ಡ್ ಸಂಖ್ಯೆ, ಅಡ್ಡರಸ್ತೆ, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಗುಂಡಿಯ ಅಂದಾಜು ಉದ್ದಗಲ, ಇವುಗಳೊಂದಿಗೆ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆಯನ್ನು ಬರೆದಲ್ಲಿ ಗೊಂದಲಕ್ಕೆ ಎಡೆಯಿರುವುದಿಲ್ಲ. ಹೆದ್ದಾರಿಯಾದರೆ ಕಿಲೋಮೀಟರ್ ಸಂಖ್ಯೆ ಹಾಗೂ ಬೆಂಗಳೂರು ಕಡೆಗೋ ಮೈಸೂರು ಕಡೆಗೋ ಎಂಬುದನ್ನು ತಿಳಿಸತಕ್ಕದ್ದು. ಎರಡು ಇಲಾಖೆಗಳಿಗೆ ಸೇರಿದ ವಿಷಯಗಳನ್ನು ಒಂದೇ ಅರ್ಜಿಯಲ್ಲಿ ಸೇರಿಸಬಾರದು.

ವಿಳಾಸದ ಬಗ್ಗೆಯೂ ಒಂದು ಸೂಚನೆ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದ್ದು, ಜಿಲ್ಲಾ ಕೇಂದ್ರವು ರಾಮನಗರವೇ ಆಗಿದೆ. ಬೆಂಗಳೂರು ನಗರ ಜಿಲ್ಲೆಯಲ್ಲಿರುವ ಬೆಂಗಳೂರು ದಕ್ಷಿಣ ತಾಲ್ಲೂಕು ಇದಕ್ಕಿಂತ ಬೇರೆ. ಪತ್ರ ತಪ್ಪಿ ಹೋಗದಂತೆ ವಿಳಾಸದಲ್ಲಿ "ರಾಮನಗರ" ಎಂಬ ಊರಿನ ಹೆಸರು ಮತ್ತು ಪಿನ್ ಕೋಡ್ ಇರಲೇಬೇಕು.

ರಸ್ತೆ ಯಾರದೆಂದು ಯಾವ ಕಚೇರಿಯೂ ಒಪ್ಪದಿದ್ದಾಗ ಮಾಹಿತಿ ಹಕ್ಕು ಅಧಿನಿಯಮ 2005 ನೆರವಿಗೆ ಬರುತ್ತದೆ. ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ, ರಸ್ತೆಯ ನಿರ್ವಹಣೆಯ ಹೊಣೆ ಯಾರದು, ಕೊನೆಯ ಕಾಮಗಾರಿ ಯಾವಾಗ ಮುಗಿಯಿತು, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದಕ್ಕೆ ಸಂಬಂಧಿಸಿದ ದಾಖಲೆಗಳನ್ನು ಕೋರಬಹುದು. ಈ ಅವಧಿಯೊಳಗೆ ಕಾಣಿಸಿಕೊಂಡ ದೋಷವನ್ನು ಗುತ್ತಿಗೆದಾರರು ಸ್ವಂತ ವೆಚ್ಚದಲ್ಲಿ ಸರಿಪಡಿಸಬೇಕಾಗಿರುವುದರಿಂದ ಕೊನೆಯ ಪ್ರಶ್ನೆ ಅತಿ ಮುಖ್ಯವಾದುದು. ಮಾಹಿತಿ ಮತ್ತೊಂದು ಕಚೇರಿಯಲ್ಲಿದ್ದಲ್ಲಿ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸತಕ್ಕದ್ದೆಂದು ಕಲಂ 6(3) ವಿಧಿಸುತ್ತದೆ. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರತಕ್ಕದ್ದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ದೊರೆಯಬೇಕು. ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಅಪಘಾತ ಸಂಭವಿಸಿದಾಗ

ತುರ್ತು ಸಂದರ್ಭದಲ್ಲಿ 112 ಅಥವಾ 108ಕ್ಕೆ ಕರೆ ಮಾಡತಕ್ಕದ್ದು. ಗುಂಡಿಯಿಂದಾಗಿ ಬಿದ್ದು ಗಾಯಗೊಂಡವರ ಸಂಬಂಧಿಕರು ಪೊಲೀಸ್ ದೂರಿನಲ್ಲಿ ಗುಂಡಿಯ ಸಂಗತಿಯನ್ನು ಸ್ಪಷ್ಟವಾಗಿ ಬರೆಯಿಸಿ, ಅದನ್ನು ಮುಚ್ಚುವ ಮೊದಲೇ ಛಾಯಾಚಿತ್ರ ತೆಗೆದಿಡುವುದು ಒಳಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಅಧಿನಿಯಮಕ್ಕೆ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಹೊಣೆಗಾರ ಪ್ರಾಧಿಕಾರ ಹಾಗೂ ಗುತ್ತಿಗೆದಾರರಿಗೆ ರೂ. 1 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಮೋಟಾರು ವಾಹನ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರೂ. 1.5 ಲಕ್ಷದವರೆಗೆ, 7 ದಿನಗಳ ತನಕ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಯೋಜನೆಯನ್ನು 2025ರ ಮೇ ತಿಂಗಳಲ್ಲಿ ಜಾರಿಗೊಳಿಸಲಾಗಿದೆ.

ಬಸ್ ಮತ್ತು ರೈಲು

ರಾಮನಗರದ ಬಸ್ಸುಗಳನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ನಡೆಸುತ್ತದೆ. ಬೆಂಗಳೂರಿನ ಬಿ.ಎಂ.ಟಿ.ಸಿ. 1997ರಿಂದ ಪ್ರತ್ಯೇಕ ಸಂಸ್ಥೆಯಾಗಿರುವುದರಿಂದ, ನಿತ್ಯ ಪ್ರಯಾಣಿಕರು ಪಾಸು ಪಡೆಯುವಾಗ ಅದು ಯಾವ ಸಂಸ್ಥೆಯ ಬಸ್ಸಿಗೆ ಊರ್ಜಿತವೆಂದು ವಿಚಾರಿಸಿಕೊಳ್ಳತಕ್ಕದ್ದು. ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಐಷಾರಾಮಿ ಬಸ್ಸುಗಳ ಹೊರತಾಗಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದಾಗಿದ್ದು, ನಿರ್ವಾಹಕರಿಂದ ಶೂನ್ಯ ಮೊತ್ತದ ಟಿಕೆಟ್ ಪಡೆಯುವುದು ಕಡ್ಡಾಯ. ಹೆಚ್ಚುವರಿ ಬಸ್ ಅಥವಾ ಹೊಸ ನಿಲುಗಡೆಯ ಬೇಡಿಕೆಯನ್ನು ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಬಸ್ಸು ಬೇಕಾದ ವೇಳೆ ಮತ್ತು ಅಂದಾಜು ಪ್ರಯಾಣಿಕರ ಸಂಖ್ಯೆಯನ್ನು ನಮೂದಿಸಿದ ಅರ್ಜಿಯನ್ನು ಪರಿಶೀಲಿಸುವುದು ಸುಲಭ.

2023ರ ಅಕ್ಟೋಬರ್ 9ರಿಂದ ನಮ್ಮ ಮೆಟ್ರೋದ ನೇರಳೆ ಮಾರ್ಗವು ಚಲ್ಲಘಟ್ಟದವರೆಗೆ ವಿಸ್ತರಣೆಗೊಂಡಿರುವುದರಿಂದ, ಮೈಸೂರು ರಸ್ತೆಯ ಬಸ್ಸಿನಲ್ಲಿ ಬರುವವರು ಕೆಂಗೇರಿಯ ಬಳಿಯೇ ಮೆಟ್ರೋ ಹಿಡಿದು ನಗರದೊಳಗಿನ ದಟ್ಟಣೆಯನ್ನು ತಪ್ಪಿಸಬಹುದು. ರೈಲಿನಲ್ಲಿ ದಿನವೂ ಪ್ರಯಾಣಿಸುವವರಿಗೆ ಮಾಸಿಕ ಮತ್ತು ತ್ರೈಮಾಸಿಕ ಸೀಸನ್ ಟಿಕೆಟ್‌ಗಳು ನಿಲ್ದಾಣದ ಕೌಂಟರ್‌ನಲ್ಲಿ ದೊರೆಯುತ್ತವೆ. ಇವು ಕಾಯ್ದಿರಿಸಿದ ಬೋಗಿಗಳಿಗೆ ಅನ್ವಯಿಸುವುದಿಲ್ಲ. ಸೂಪರ್‌ಫಾಸ್ಟ್ ರೈಲಿಗೆ ಹೆಚ್ಚುವರಿ ಶುಲ್ಕವಿದೆ. ಟಿಕೆಟ್‌ನೊಂದಿಗೆ ಗುರುತಿನ ಚೀಟಿಯನ್ನೂ ಇಟ್ಟುಕೊಂಡಿರತಕ್ಕದ್ದು. ರೈಲಿನ ವೇಳೆ, ನಿಲುಗಡೆ ಹಾಗೂ ನಿಲ್ದಾಣದ ಸ್ವಚ್ಛತೆಯ ದೂರುಗಳು ನಗರಸಭೆಗಾಗಲಿ ಜಿಲ್ಲಾಡಳಿತಕ್ಕಾಗಲಿ ಸೇರಿದವಲ್ಲ. ಅವುಗಳನ್ನು ರೈಲ್ವೆ ಸಹಾಯವಾಣಿ 139ಕ್ಕೆ ತಿಳಿಸುವುದು ಅಥವಾ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಬರೆಯುವುದು.